ವಿಳಾಸ ನಮ್ಮದು, ಸೇವೆ ಬಾಡಿಗೆಯದು: ಶಿರಸಿಯಲ್ಲಿ ನಾನು ಇಮೇಲ್ ಬದಲಿಸಿದ ಬಗೆ

ಉಚಿತವಾಗಿ ಸಿಗುವ ಇಮೇಲ್ ಬಿಟ್ಟು ಸ್ವಂತ ವಿಳಾಸದ ಇಮೇಲಿಗೆ ವರ್ಷಕ್ಕೆ ಐದು ಸಾವಿರ ಸುರಿಯುವವನು ಶಿರಸಿಯಲ್ಲಿ ಇವನೊಬ್ಬನೇ ಎಂದು ಕುಮಟಾ, ಕಾರವಾರದಲ್ಲಿ ನನ್ನಂತೆ ತೆರಿಗೆ ಕೆಲಸ ಮಾಡುವವರು ನಕ್ಕಿದ್ದರು. ಅದೇ ವ್ಯವಸ್ಥೆಯಲ್ಲಿ ರಿಟರ್ನ್ಸ್ ಗಡಿಬಿಡಿಯನ್ನು ದಾಟಿ ಬಂದೆ. ಈಗ ನಕ್ಕವರೇ ಫೋನ್ ಮಾಡಿ ಹೇಗೆಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಬರೆದುಬಿಡುವುದು ಸುಲಭ.

ನಮ್ಮ ಇಮೇಲ್ ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂಬುದು ತೆರಿಗೆ ಕೆಲಸದವರಿಗೆ ಗೊತ್ತೇ ಇದೆ: ಪ್ಯಾನ್, ಆಧಾರ್, ಪಹಣಿ, ಅಡಿಕೆ ಮಾರಿದ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್. ಒಂದು ಊರಿನ ಅರ್ಧದಷ್ಟು ಮನೆಗಳ ಲೆಕ್ಕ ಒಂದೇ ಪಾಸ್‌ವರ್ಡಿನ ಹಿಂದೆ ಕೂತಿರುತ್ತದೆ.

ಮೊದಲು ಪತ್ರ ಕಳಿಸಿ ಪಡೆಯಲು ಸ್ವಂತ ಸರ್ವರ್ ಹೂಡಿದೆ. ತಿಂಗಳಿಗೆ ಐನೂರರ ಆಸುಪಾಸು ಬಾಡಿಗೆ. ಪತ್ರ ನಿಜಕ್ಕೂ ನಮ್ಮದೇ ಎಂದು ಸಾರುವ ದಾಖಲೆಗಳಾದ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಲ್ಲವೂ ಸರಿಯಿದ್ದರೂ ನಾನು ಕಳಿಸಿದ್ದು ಕಕ್ಷಿದಾರರ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಬೀಳುತ್ತಿತ್ತು. ಬಾಡಿಗೆ ಐಪಿಯ (ಅಂತರ್ಜಾಲದಲ್ಲಿ ಸರ್ವರಿನ ಸಂಖ್ಯಾ ವಿಳಾಸ) ನೆರೆಹೊರೆಯವರು ಕೆಟ್ಟ ಹೆಸರು ಗಳಿಸಿದ್ದರೆ ನಮ್ಮ ಸಾಚಾತನಕ್ಕೆ ಬೆಲೆಯಿಲ್ಲ. ಒಂದು ಬ್ಯಾಂಕಿನ ಸರ್ವರಂತೂ ನನ್ನ ಪತ್ರಗಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿತು. ಮೂರು ಸಾವಿರದಷ್ಟು ಖರ್ಚಾದ ಮೇಲೆ ಕೈಬಿಟ್ಟೆ. ಉಳಿದದ್ದು ಡೊಮೇನ್ ಒಂದೇ, ಅಂದರೆ ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ನಮ್ಮ ಸ್ವಂತ ಹೆಸರು. ಮುಂದಿನದೆಲ್ಲ ನಿಂತಿರುವುದು ಆ ಡೊಮೇನಿನ ಮೇಲೆಯೇ.

ಆಮೇಲೆ ಜರ್ಮನಿಯ ಹ್ಯಾನೋವರಿನ ಇಮೇಲ್ ಸೇವೆ ಟೂಟಾ. 2023ರವರೆಗೆ ಅದರ ಹೆಸರು ಟೂಟಾನೋಟಾ. ಪತ್ರದ ವಿಷಯದ ಸಾಲನ್ನೂ ಎನ್‌ಕ್ರಿಪ್ಟ್ ಮಾಡುವುದು, ಅಂದರೆ ಬೇರೆಯವರು ಓದದಂತೆ ಬೀಗ ಹಾಕುವುದು, ಅದರ ಹೆಚ್ಚುಗಾರಿಕೆ. ತಿಂಗಳಿಗೆ ಮೂರು ಯೂರೋ. ಆದರೆ ಬೇರೆ ತಂತ್ರಾಂಶಗಳು ಪತ್ರ ತರಿಸಿಕೊಳ್ಳುವ ಐಮ್ಯಾಪ್ ಇಲ್ಲ, ಹಾಗಾಗಿ ಕಂಪ್ಯೂಟರಿನಲ್ಲಿ ಪತ್ರ ಓದುವ ತಂತ್ರಾಂಶವಾದ ಥಂಡರ್‌ಬರ್ಡ್‌ಗೆ ದಾರಿಯಿಲ್ಲ. ನಮ್ಮ ಕಚೇರಿಯ ಹಳೆಯ ಪತ್ರಗಳೆಲ್ಲ ಇರುವುದು ಥಂಡರ್‌ಬರ್ಡ್‌ನಲ್ಲೇ. ಹುಡುಕಾಟದ ಸೂಚಿಯನ್ನು ನಮ್ಮ ಯಂತ್ರವೇ ಕಟ್ಟಿಕೊಳ್ಳಬೇಕು, ನಮ್ಮ ಹಳೆಯ ಕಂಪ್ಯೂಟರಿಗೆ ಅದರಲ್ಲೇ ಏದುಸಿರು ಬಂತು. ಒಂಟಿಯಾಗಿ ಮೊಬೈಲಿನಲ್ಲಿ ಬಳಸುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಬರ್ಲಿನ್ನಿನ ಪೋಸ್ಟಿಯೊ ತಿಂಗಳಿಗೆ ಒಂದೇ ಯೂರೋ ಎಂದು ಆಸೆ ಹುಟ್ಟಿಸಿತ್ತು. ಸ್ವಂತ ಡೊಮೇನ್ ಹಾಕಲು ಬಿಡುವುದಿಲ್ಲ ಎಂದು ತಿಳಿದ ದಿನವೇ ಆ ಮಾತು ಮುಗಿಯಿತು.

ಕೊನೆಗೆ ನಿಂತದ್ದು ಜೋಡು ವ್ಯವಸ್ಥೆ. ನಮಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲಿಗೆ ಗುಟ್ಟೇನೂ ಇಲ್ಲ. ಅವು ಮುಖ್ಯ ಡೊಮೇನಿನಲ್ಲಿ, ಚೆನ್ನೈನ ಜೋಹೋದ ಐದು ಜನರ ಉಚಿತ ಯೋಜನೆಗೆ ಬರುತ್ತವೆ. ಕಕ್ಷಿದಾರರ ಕಡತಗಳಿಗೆ ಮಾತ್ರ ಅದೇ ಡೊಮೇನಿನ ಉಪಡೊಮೇನ್ (ಅದೇ ಹೆಸರಿನ ಒಂದು ಕವಲು) ಒಂದನ್ನು ಮಾಡಿ ಸ್ವಿಟ್ಜರ್ಲೆಂಡಿನ ಎನ್‌ಕ್ರಿಪ್ಟ್ ಮಾಡುವ ಇಮೇಲ್ ಸೇವೆ ಪ್ರೋಟಾನ್‌ಗೆ ಜೋಡಿಸಿದೆ. ಎರಡಕ್ಕೂ ಬೇರೆ ಬೇರೆ ಎಂಎಕ್ಸ್ (ಪತ್ರ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ದಾಖಲೆ), ಬೇರೆ ಎಸ್‌ಪಿಎಫ್, ಒಂದಕ್ಕೊಂದು ತಗಲುವುದಿಲ್ಲ. ಹೀಗೆ ಮಾಡಲು ಬರುವುದೇ ಇಲ್ಲ ಎಂದು ಹುಬ್ಬಳ್ಳಿಯ ಕಂಪ್ಯೂಟರ್ ಪರಿಣತರೊಬ್ಬರು ನನ್ನೊಡನೆ ವಾದಿಸಿದ್ದರು. ಆ ದಾಖಲೆಗಳನ್ನು ಯಾವ ಕ್ರಮದಲ್ಲಿ ಬದಲಿಸಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದಕ್ಕೆ ನಾನು ಶುಲ್ಕ ತೆಗೆದುಕೊಳ್ಳುತ್ತೇನೆ.

ಪ್ರೋಟಾನಿನ ಹಣದ ಯೋಜನೆಯಲ್ಲಿ ಬ್ರಿಡ್ಜ್ ಎಂಬ ತಂತ್ರಾಂಶ ಸಿಗುತ್ತದೆ. ಅದು ಕಂಪ್ಯೂಟರಿನಲ್ಲಿ ಕೂತು ಪತ್ರಗಳನ್ನು ಬಿಡಿಸಿ ಥಂಡರ್‌ಬರ್ಡ್‌ಗೆ ಕೊಡುತ್ತದೆ. ಜುಲೈ ಮಳೆಗೆ ಮರ ಬಿದ್ದು ಫೈಬರ್ ತುಂಡಾದಾಗಲೂ ಹಳೆಯ ಕಡತ ತೆರೆಯುತ್ತದೆ. ನನ್ನ ಪಾಲಿಗೆ ಎನ್‌ಕ್ರಿಪ್ಷನ್‌ಗಿಂತ ದೊಡ್ಡ ಲಾಭ ಇದು.

ಹಣ ಕಟ್ಟುವುದೇ ಒಂದು ಪ್ರಹಸನವಾಯಿತು. ಕಾರ್ಡಿನಲ್ಲಿ ವಿದೇಶಿ ವಹಿವಾಟು ಮುಚ್ಚಿರುತ್ತದೆ, ತೆರೆಯಬೇಕು. 2021ರ ಅಕ್ಟೋಬರಿನಿಂದ ಒಪ್ಪಿಗೆ ನೋಂದಣಿಯಿಲ್ಲದೆ ತಾನಾಗಿ ಹಣ ಕಡಿತವಾಗುವುದೂ ನಿಂತಿದೆ. ತಿಂಗಳ ಲೆಕ್ಕ ಬಿಟ್ಟು ವರ್ಷಕ್ಕೊಮ್ಮೆ ಕೈಯಾರೆ ಕಟ್ಟಿ. ನನಗೆ ಬ್ಯಾಂಕಿನ ಪರಿವರ್ತನಾ ಶುಲ್ಕವೂ ಸೇರಿ ನಾಲ್ಕೂವರೆ ಸಾವಿರದ ಹತ್ತಿರ ಬಿತ್ತು. ಡೊಮೇನಿಗೆ ಏಳೆಂಟು ನೂರು ಬೇರೆ.

ಇದರಿಂದ ಏನಾಗುವುದಿಲ್ಲ ಎಂಬುದೂ ತಿಳಿದಿರಲಿ. ಕಕ್ಷಿದಾರರು ಜಿಮೇಲ್‌ನಿಂದ ಕಳಿಸಿದ ಪತ್ರದ ಪ್ರತಿ ಅಲ್ಲಿ ಉಳಿದೇ ಉಳಿಯುತ್ತದೆ. ಪ್ರೋಟಾನ್‌ನಲ್ಲಿ ವಿಷಯದ ಸಾಲು ಕಂಪನಿಗೆ ಕಾಣುತ್ತದೆ, ಅದಕ್ಕೇ ಆ ಸಾಲಿನಲ್ಲಿ ಪ್ಯಾನ್ ಸಂಖ್ಯೆ ಬರೆಯುವುದನ್ನು ಕಚೇರಿಯಲ್ಲಿ ನಿಷೇಧಿಸಿದ್ದೇನೆ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದಂತೆ ಪ್ರೋಟಾನ್‌ನವರು ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು ದಾಖಲಿಸಿ ಒಪ್ಪಿಸಿದ್ದರು. ಕಾನೂನಿನಿಂದ ಅಡಗಬೇಕಾದವರು ಬೇರೆ ದಾರಿ ನೋಡಿಕೊಳ್ಳಲಿ. ನನಗೆ ಬೇಕಾದದ್ದು ಕಳ್ಳರಿಂದ ರಕ್ಷಣೆ.

ಕಕ್ಷಿದಾರರಿಗೆ ಕಡತ ಹೋಗುವುದು ಪಾಸ್‌ವರ್ಡ್ ಇಟ್ಟ ಪತ್ರವಾಗಿ. ಪ್ಯಾನ್ ಜೊತೆಗೆ ಹುಟ್ಟಿದ ದಿನಾಂಕ ಎಂಬ ರೂಢಿಯ ಪಾಸ್‌ವರ್ಡ್ ಬೇಡ, ಅವೆರಡರ ಜೆರಾಕ್ಸ್ ಪ್ರತಿ ಊರ ತುಂಬ ಬಿದ್ದಿದೆ. ನಾವು ಕಟ್ಟುವ ಪಾಸ್‌ವರ್ಡ್ ತೋಟದ ಹಳೆಯ ಯಜಮಾನರಿಗೂ ನೆನಪಿರುತ್ತದೆ, ಸೂತ್ರ ಮಾತ್ರ ಕಚೇರಿಯೊಳಗೇ ಇರಲಿ. "ಇದನ್ನೆಲ್ಲ ಯಾರು ತೆರೆಯುತ್ತಾರೆ ಮಾರಾಯರೇ" ಎಂದಿದ್ದ ಕುಮಟಾದವರಿಗೆ ಹೇಳುತ್ತೇನೆ: ಹತ್ತರಲ್ಲಿ ಎಂಟು ಜನ ತೆರೆಯುತ್ತಾರೆ. ಉಳಿದವರು ಮಂಗಳವಾರದ ಸಂತೆಗೆ ಬಂದಾಗ ಕಾಗದದಲ್ಲೇ ಒಯ್ಯುತ್ತಾರೆ.

ಎರಡನೇ ಹಂತದ ದೃಢೀಕರಣಕ್ಕೆ ಎಸ್‌ಎಂಎಸ್ ನಂಬಬೇಡಿ. ಸಿದ್ದಾಪುರದ ಒಳಹಳ್ಳಿಯಲ್ಲಿ ನಿಂತರೆ ಒಟಿಪಿ ಬರುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತದೆ. ಫೋನಿನಲ್ಲೇ ಒಟಿಪಿ ಹುಟ್ಟಿಸುವ ಅಥೆಂಟಿಕೇಟರ್ ಆಪ್‌ಗೆ ಸಿಗ್ನಲ್ ಬೇಡ, ಗಡಿಯಾರ ಸರಿಯಿದ್ದರೆ ಸಾಕು. ಪಾಸ್‌ವರ್ಡ್ ಮರೆತು ಹೊಸದು ಪಡೆದರೆ ಪ್ರೋಟಾನ್‌ನಲ್ಲಿ ಹಳೆಯ ಪತ್ರಗಳು ಬೀಗ ಹಾಕಿಕೊಂಡೇ ಉಳಿಯುತ್ತವೆ. ಅವನ್ನು ಬಿಡಿಸುವ ಮರುಪ್ರಾಪ್ತಿ ಪದಗಳನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಟ್ಟಿದ್ದೇನೆ.

2025ರ ಏಪ್ರಿಲ್ ಕೊನೆಯಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಪ್ರೋಟಾನ್ ಮೇಲ್ ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ಸೂಚಿಸಿತು. ಪತ್ರಿಕೆ ಹಿಡಿದುಕೊಂಡು ಬಂದವರು "ಮುಗಿಯಿತಲ್ಲ ನಿಮ್ಮ ಕಥೆ" ಎಂದರು. ನಿಜಕ್ಕೂ ನಿರ್ಬಂಧ ಬಂದರೆ ಹೇಗೆಂದು ನಾನು ಮುಂದಿನ ಭಾನುವಾರವೇ ತಾಲೀಮು ನಡೆಸಿದೆ. ಮೊದಲೇ ಟಿಟಿಎಲ್ (ಹಳೆಯ ದಾಖಲೆಯನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿ, ಉಪಡೊಮೇನಿನ ಎಂಎಕ್ಸ್ ಅನ್ನು ಜರ್ಮನಿಯ ಇನ್ನೊಂದು ಇಮೇಲ್ ಸೇವೆ ಮೇಲ್‌ಬಾಕ್ಸ್ ಡಾಟ್ ಆರ್ಗ್‌ಗೆ ತಿರುಗಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಹೊಸ ಪತ್ರಗಳು ಅಲ್ಲಿ ಬೀಳತೊಡಗಿದವು. ವಿಳಾಸ ಅದೇ, ಕಕ್ಷಿದಾರರಿಗೆ ಸುದ್ದಿಯೇ ಇಲ್ಲ, ಹಳೆಯವು ಬ್ರಿಡ್ಜ್ ದಯೆಯಿಂದ ನನ್ನ ಡಿಸ್ಕಿನಲ್ಲೇ ಇದ್ದವು. ಸಂಜೆ ಮತ್ತೆ ಪ್ರೋಟಾನ್‌ಗೇ ತಿರುಗಿಸಿದೆ. ನನ್ನ ಖಾತೆ ಇಂದಿಗೂ ಅಲ್ಲೇ ನಡೆಯುತ್ತಿದೆ.

ಡೊಮೇನಿನ ಹಣವನ್ನು ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿದ್ದೇನೆ, ಅದು ಕೈತಪ್ಪಿದರೆ ಎಲ್ಲವೂ ಹೋಯಿತು. ಡೊಮೇನ್ ಮಾರಿದವರ ಬಳಿಯ ಖಾತೆಗೆ ಅದೇ ಡೊಮೇನಿನ ಇಮೇಲ್ ಕೊಡಬೇಡಿ. ನನ್ನದು ಹಳೆಯ ಜಿಮೇಲ್‌ನಲ್ಲಿದೆ. ಆ ಜಿಮೇಲ್ ಈಗ ಬದುಕಿರುವುದೇ ಅದೊಂದು ಕೆಲಸಕ್ಕೆ.