ರಜೆಗೆ ಊರು ಬಿಡುವ ಮುಂಚೆ ನಾಯಿ, ಬೆಕ್ಕಿಗೆ ಏನೇನು ವ್ಯವಸ್ಥೆ ಮಾಡಬೇಕು?

ದಸರಾ ರಜೆಗೆ ಗೋಕರ್ಣವೋ ಜೋಗವೋ ಅಂತ ತೀರ್ಮಾನ ಆಗುತ್ತದೆ, ರೂಮೂ ಬುಕ್ ಆಗುತ್ತದೆ. ಮನೆಯ ನಾಯಿಯನ್ನು ಏನು ಮಾಡುವುದು ಅನ್ನುವ ಪ್ರಶ್ನೆ ಏಳುವುದು ಮಾತ್ರ ಬ್ಯಾಗ್ ಕಟ್ಟುವ ದಿನ. ಆಗ ಯಾರು ಸಿಕ್ಕರೆ ಅವರ ಕೈಗೆ ಚೈನ್ ಕೊಟ್ಟು ಹೊರಡುವುದು! ಇದು ಒಂದು ತಿಂಗಳ ಮುಂಚೆ ಶುರು ಮಾಡಬೇಕಾದ ಕೆಲಸ. ಲಸಿಕೆ ಹಿಡಿಯೋಕೂ ಸಮಯ ಬೇಕು, ಪ್ರಾಣಿಗೆ ಹೊಸಬರ ರೂಢಿ ಆಗೋಕೂ ಸಮಯ ಬೇಕು.

1. ಕರೆದೊಯ್ಯಬೇಕಾ, ಬಿಟ್ಟು ಹೋಗಬೇಕಾ?

ಬೆಕ್ಕನ್ನು ಮನೆಯಲ್ಲೇ ಬಿಡಿ. ಬೇರೆಯವರ ಮನೆಗೆ ಒಯ್ದರೆ ಕಿಟಕಿ ಸಂದಿಯಲ್ಲಿ ನುಸುಳಿ ಹೊರಟೇಬಿಡಬಹುದು. ದಿನಕ್ಕೆ ಎರಡು ಸಲ ಯಾರಾದರೂ ಬಂದು ಊಟ, ನೀರು, ಮರಳಿನ ಟ್ರೇ ನೋಡಿಕೊಂಡರೆ ಅದಕ್ಕೆ ಸಾಕು. ನಾಯಿ ಹಾಗಲ್ಲ, ಅದಕ್ಕೆ ಜನ ಬೇಕು. ದೀಪಾವಳಿಗೆ ಊರಿಗೆ ಹೋಗುವವರಂತೂ ಖಾಲಿ ಮನೆಯಲ್ಲಿ ನಾಯಿ ಕಟ್ಟಿ ಹೋಗಲೇಬಾರದು. ಪಟಾಕಿ ಸದ್ದಿಗೆ ಕಾಂಪೌಂಡ್ ಹಾರಿ ಓಡಿದರೆ ಹುಡುಕೋರು ಯಾರು?

ಜೊತೆಗೇ ಕರೆದೊಯ್ಯುವ ಆಸೆಯಿದ್ದರೆ ಮೊದಲು ಹೋಗುವ ಜಾಗ ನೋಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ನಾಯಿ ಬಿಡುವುದಿಲ್ಲ. ದೇವಸ್ಥಾನದ ಮಾತಂತೂ ಹೇಳಬೇಕಿಲ್ಲ. ಲಾಡ್ಜಿನವರು ‘ನಾಯಿ ತರಬಹುದು ಸಾರ್’ ಅಂದಾಗ, ಮಲಗುವುದು ರೂಮಿನೊಳಗೋ ಹೊರಗಿನ ಶೆಡ್ಡಿನಲ್ಲೋ ಅಂತಲೂ ಕೇಳಿಬಿಡಿ.

2. ಡಾಕ್ಟರ್ ಹತ್ತಿರ ಒಂದು ಸಲ

ರೇಬೀಸ್ ಲಸಿಕೆಯನ್ನು ಮೊದಲ ಸಲ ಹಾಕಿಸುವುದಾದರೆ ರಕ್ಷಣೆ ಬರೋಕೆ ಮೂರು-ನಾಲ್ಕು ವಾರ ಬೇಕು. ಹಾಕಿಸಿದ್ದರೆ ಕಾರ್ಡಿನ ತಾರೀಕು ನೋಡಿ, ಬೂಸ್ಟರ್ ಬಾಕಿಯಿದ್ದರೆ ಹಾಕಿಸಿ. ಕಾರ್ಡಿನ ಫೋಟೊ ಮೊಬೈಲಿನಲ್ಲಿರಲಿ. ಮಲೆನಾಡಿಗೆ ಒಯ್ಯುವವರು ಉಣ್ಣೆ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ) ಹತ್ತದಂತೆ ಔಷಧಿಯನ್ನೂ ಕೇಳಿ ಪಡೆಯಿರಿ. ಅಲ್ಲಿನ ಕಾಡಿನ ಉಣ್ಣೆಯಿಂದ ಮನುಷ್ಯರಿಗೆ ಮಂಗನ ಕಾಯಿಲೆ ಬರುತ್ತದೆ. ನಾಯಿ ಮೈಮೇಲೆ ಹತ್ತಿದ ಉಣ್ಣೆ ನಿಮ್ಮ ಕಾರಿನೊಳಗೇ ಬರುತ್ತದಲ್ವಾ?

3. ನೋಡಿಕೊಳ್ಳುವವರನ್ನು ತಯಾರು ಮಾಡಿ

ಎಲ್ಲಕ್ಕಿಂತ ಜಾಸ್ತಿ ಗಮನ ಇಲ್ಲಿರಲಿ. ದಾವಣಗೆರೆಯಂಥ ಊರಿನಲ್ಲಿ ನಾಯಿ ನೋಡಿಕೊಳ್ಳಲು ಒಪ್ಪುವವರು ಸಾಮಾನ್ಯವಾಗಿ ಪಕ್ಕದ ಮನೆಯವರು, ಇಲ್ಲವೇ ಅದೇ ಊರಿನ ನೆಂಟರು. ಅವರಿಗೆ ಪ್ರೀತಿ ಇರುತ್ತದೆ, ಅಭ್ಯಾಸ ಇರುವುದಿಲ್ಲ. ಹೊರಡುವುದಕ್ಕೆ ಎರಡು ವಾರ ಮುಂಚಿನಿಂದ ಅವರೇ ಒಂದೊಂದು ಹೊತ್ತು ಊಟ ಹಾಕಲಿ, ವಾಕಿಂಗ್ ಕರೆದೊಯ್ಯಲಿ. ಒಂದು ರಾತ್ರಿ ಅವರ ಮನೆಯಲ್ಲೇ ಮಲಗಿಸಿ ನೋಡಿ. ರಾತ್ರಿಯಿಡೀ ಊಳಿಟ್ಟರೆ ಇನ್ನೊಂದು ವ್ಯವಸ್ಥೆ ಹುಡುಕೋಕೆ ಆಗಲೂ ಟೈಮ್ ಇರುತ್ತದೆ.

ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ. ಹೀಗೆ:

‘ಬೆಳಿಗ್ಗೆ 7ಕ್ಕೆ, ಸಂಜೆ 6ಕ್ಕೆ ಹೊರಗೆ. ವಾಪಸ್ ಬಂದ ಮೇಲೆ ಮೊದಲು ಗೇಟ್ ಚಿಲಕ, ಆಮೇಲೆ ಚೈನ್ ಬಿಚ್ಚುವುದು. ಊಟ ಈ ಸ್ಟೀಲ್ ಲೋಟದಲ್ಲಿ ಒಂದು ಅಳತೆ, ಅಷ್ಟೇ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೊಡಬಾರದು. ಗುಡುಗಿದರೆ ಮಂಚದ ಕೆಳಗೆ ಹೋಗುತ್ತಾನೆ, ಎಳೆಯಬೇಡಿ. ಡಾಕ್ಟರ್ ನಂಬರ್…’

ಗೇಟಿನ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಚೈನ್ ಮೊದಲು ಬಿಚ್ಚಿದರೆ ನಾಯಿ ನಿಮ್ಮನ್ನೇ ಹುಡುಕಿಕೊಂಡು ಹೊರಗೆ ಓಡುತ್ತದೆ.

ಊಟದ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗೇ ಹೇಳಿ. ‘ಪಾಪ, ಅಪ್ಪ ಅಮ್ಮ ಇಲ್ಲ ಅದಕ್ಕೆ’ ಅಂತ ಪಕ್ಕದ ಮನೆ ಅಜ್ಜಿ ಬೆಣ್ಣೆ ದೋಸೆ ತಿನ್ನಿಸುತ್ತಾರೆ. ಒಂದೇ ಸಲಕ್ಕೆ ಅಷ್ಟು ಜಿಡ್ಡು ಹೋದರೆ ವಾಂತಿ, ಭೇದಿ ಶುರು, ಕೆಲವಕ್ಕೆ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುತ್ತದೆ. ಮಂಡಕ್ಕಿಯಲ್ಲೂ ಈರುಳ್ಳಿ ಇದ್ದೇ ಇರುತ್ತದೆ ಅನ್ನುವುದು ಅವರಿಗೆ ಹೊಳೆಯುವುದಿಲ್ಲ.

ಅವರ ಕೈಯಲ್ಲಿ ಒಂದಿಷ್ಟು ದುಡ್ಡೂ ಇಟ್ಟುಹೋಗಿ. ಅರ್ಧರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಅವರು ನಿಮ್ಮ ಫೋನಿಗೆ ಕಾಯುತ್ತಾ ಕೂರಬಾರದು.

ಅಕ್ವೇರಿಯಂ ಮೀನಿನ ಚಿಂತೆ ಬೇಡ. ಬೆಳೆದ, ಆರೋಗ್ಯವಾದ ಮೀನು ಎರಡು ಮೂರು ದಿನ ಊಟವಿಲ್ಲದೆ ಇರಬಲ್ಲದು. ಯಾರೋ ಜಾಸ್ತಿ ಆಹಾರ ಸುರಿದು ನೀರು ಕೆಡಿಸುವುದೇ ಹೆಚ್ಚು ಅಪಾಯ.

4. ಕರೆದೊಯ್ಯುವುದೇ ಆದರೆ

ಸ್ವಂತ ಕಾರು ಎಲ್ಲಕ್ಕಿಂತ ಸಲೀಸು. ಹೊರಡುವ ಮೂರು-ನಾಲ್ಕು ಗಂಟೆ ಮುಂಚೆ ಊಟ ಮುಗಿಸಿ. ಎರಡು ಮೂರು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಿ. ಹಿಂದಿನ ಸೀಟಿನಲ್ಲಿ ಎದೆಪಟ್ಟಿ ಹಾಕಿ ಬೆಲ್ಟಿಗೆ ಸಿಕ್ಕಿಸಿ. ಕೊರಳಪಟ್ಟಿಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಕತ್ತು ಬಿಗಿಯುತ್ತದೆ. ಹೆದ್ದಾರಿ ಹೋಟೆಲಿನಲ್ಲಿ ನೀವು ತಿಂಡಿ ತಿನ್ನುವಾಗ ಗಾಜು ಏರಿಸಿದ ಕಾರಿನಲ್ಲಿ ನಾಯಿ ಬಿಡಲೇಬೇಡಿ. ಬಿಸಿಲಿನಲ್ಲಿ ಅರ್ಧ ಗಂಟೆಗೆ ಒಳಗಿನ ಶಾಖ 20 ಡಿಗ್ರಿಯಷ್ಟು ಏರಬಹುದು. ಸರದಿ ಮೇಲೆ ತಿಂದರಾಯಿತು.

ರೈಲಿನಲ್ಲಿ ಎಸಿ ಫಸ್ಟ್ ಕ್ಲಾಸಿನ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮಗೇ ಸಿಕ್ಕಿದರೆ ನಾಯಿ ಜೊತೆಗಿರಬಹುದು. ಸ್ಲೀಪರ್, ಚೇರ್ ಕಾರ್‌ಗಳಲ್ಲಿ ಬಿಡುವುದಿಲ್ಲ. ಇನ್ನೊಂದು ದಾರಿ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆ. ಅದಕ್ಕೆ ಪಾರ್ಸೆಲ್ ಆಫೀಸಿನಲ್ಲಿ ಮೊದಲೇ ಬುಕ್ ಮಾಡಿಸಬೇಕು, ಡಾಕ್ಟರ್ ಕೊಟ್ಟ ಫಿಟ್‌ನೆಸ್ ಚೀಟಿ ಜೊತೆಗಿರಬೇಕು. ದಾವಣಗೆರೆಯಲ್ಲಿ ರೈಲು ಸ್ವಲ್ಪ ಹೊತ್ತು ಮಾತ್ರ ನಿಲ್ಲುತ್ತದೆ. ಆ ಗಡಿಬಿಡಿಯಲ್ಲಿ ಹೆದರುವ ನಾಯಿಯನ್ನು ಪೆಟ್ಟಿಗೆಗೆ ತುರುಕುವುದು ನನಗಂತೂ ಸರಿ ಕಾಣುವುದಿಲ್ಲ.

5. ವಾಪಸ್ ಬಂದ ಮೇಲೆ

ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಇದೆಯಾ ನೋಡಿ. ಸಿಕ್ಕರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ, ಉಗುರಲ್ಲಿ ಹಿಚುಕಬೇಡಿ. ಮೊದಲ ದಿನ ನಾಯಿ ಮಂಕಾಗಿದ್ದರೆ ಗಾಬರಿ ಬೇಡ. ಮುಂದಿನ ಎರಡು ಮೂರು ವಾರದಲ್ಲಿ ಯಾವಾಗಲಾದರೂ ಜ್ವರ ಬಂದರೆ, ಊಟ ಬಿಟ್ಟರೆ, ವಸಡು ಬಿಳಿಚಿಕೊಂಡರೆ ಡಾಕ್ಟರ್ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ. ಎಲ್ಲಿಗೆ ಹೋಗಿ ಬಂದಿರಿ ಅನ್ನುವುದನ್ನೂ ಅವರಿಗೆ ಹೇಳಿ.