ಮಳೆಯಲ್ಲಿ ಡಿಶ್ ಛತ್ರಿ ಮುಟ್ಟಬೇಡಿ, ಎಲ್‌ಎನ್‌ಬಿ ಈಗಲೇ ತಿರುಗಿಸಿಡಿ

ಕಲಬುರಗಿಯಲ್ಲಿ ಮಳೆ ಶುರುವಾಗಿ ಟಿವಿ ಚಿತ್ರ ಚೌಕ ಚೌಕ ಆದರೆ ಸಾಕು, ಮನೆಯಲ್ಲೊಬ್ಬರು ಮಾಳಿಗೆ ಹತ್ತಿ ಛತ್ರಿ, ಅಂದರೆ ಟಿವಿಯ ಡಿಶ್, ಅಲ್ಲಾಡಿಸಿ ಬರುತ್ತಾರೆ. ನಾನೂ ಒಮ್ಮೆ ಹಾಗೆ ಮಾಡಿದೆ. ಮಳೆ ನಿಂತಿತು, ಟಿವಿ ಮಾತ್ರ ಬರಲಿಲ್ಲ.

ಉಪಗ್ರಹದ ಅಲೆ ಒಂದೋ ನಿಂತು ಬರುತ್ತದೆ, ಇಲ್ಲಾ ಮಲಗಿ ಬರುತ್ತದೆ. ಪೋಲರೈಸೇಷನ್ ಅಂದರೆ ಇದೇ. ಛತ್ರಿಯ ಮುಂದೆ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿಯೇ ಎಲ್‌ಎನ್‌ಬಿ. ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸ್ 13 ವೋಲ್ಟ್ ಕೊಟ್ಟರೆ ಅದು ನಿಂತದ್ದನ್ನು ಹಿಡಿಯುತ್ತದೆ, 18 ಕೊಟ್ಟರೆ ಮಲಗಿದ್ದನ್ನು. ಕಿಟಕಿ ಸರಳುಗಳ ನಡುವೆ ಖಡಕ್ ರೊಟ್ಟಿ ತೂರಿಸಿ ನೋಡಿ: ನೆಟ್ಟಗೆ ಹಿಡಿದರೆ ದಾಟುತ್ತದೆ, ಸ್ವಲ್ಪ ವಾಲಿದರೂ ಅಂಚು ಮುರಿಯುತ್ತದೆ.

ಮಳೆ ಆ ರೊಟ್ಟಿಯನ್ನು ವಾಲಿಸುತ್ತದೆ. ಸಣ್ಣ ಹನಿ ಗುಂಡಗಿರುತ್ತದೆ, ಆದರೆ ಒಂದು ಮಿಲಿಮೀಟರ್‌ಗಿಂತ ದೊಡ್ಡದಾದರೆ ಬೀಳುವಾಗ ಗಾಳಿ ಒತ್ತಿ ತಳ ಚಪ್ಪಟೆಯಾಗಿ ಬನ್ ಥರ ಆಗುತ್ತದೆ, ಹಾಗಾಗಿ ಮಲಗಿದ ಅಲೆಗೆ ಪೆಟ್ಟು ಜಾಸ್ತಿ, ಅದು ಸ್ವಲ್ಪ ಹಿಂದೆಯೂ ಬೀಳುತ್ತದೆ. ಬೀಸುಗಾಳಿಗೆ ಹನಿಗಳು ಓರೆಯಾದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ.

ಮಳೆಯಷ್ಟೇ ಅಲ್ಲ, ಮಂಜುಗಡ್ಡೆಯೂ ಅಲೆಯನ್ನು ವಾಲಿಸುತ್ತದೆ. ಬಿಸಿಲೂರಿನಲ್ಲಿ ಮಂಜುಗಡ್ಡೆ ಎಲ್ಲಿಂದ ಬಂತು ಅಂತೀರಾ? ಗುಡುಗು ಮೋಡದ ತಲೆಯಲ್ಲಿ, ಸುಮಾರು ಐದು ಕಿಲೋಮೀಟರ್‌ಗಿಂತ ಮೇಲೆ, ಹೆಚ್ಚಾಗಿ ಮಂಜಿನ ಹರಳು. ಅವು ಸಿಗ್ನಲ್ ನುಂಗುವುದಿಲ್ಲ, ತಿರುಚುತ್ತವೆ ಅಷ್ಟೇ. ಸಿಡಿಲು ಹೊಡೆದಾಗ ಮೋಡದೊಳಗಿನ ವಿದ್ಯುತ್ ಬದಲಾಗಿ ಹರಳುಗಳೆಲ್ಲ ಒಮ್ಮೆಲೇ ದಿಕ್ಕು ಬದಲಿಸುತ್ತವೆ.

ನಿಜ ಹೇಳಬೇಕೆಂದರೆ ಮನೆ ಟಿವಿ ಹೋಗುವುದು ಹೆಚ್ಚಾಗಿ ಮಳೆ ಸಿಗ್ನಲ್ ನುಂಗುವುದರಿಂದಲೇ. ಬಾಕ್ಸ್‌ನ ಸಿಗ್ನಲ್ ಮೀಟರ್‌ನಲ್ಲಿ ಸ್ಟ್ರೆಂತ್ (ಸಿಗ್ನಲ್ ಎಷ್ಟು ಜೋರು), ಕ್ವಾಲಿಟಿ (ಎಷ್ಟು ಶುದ್ಧ) ಎರಡೂ ಒಟ್ಟಿಗೆ ಇಳಿದರೆ ಸುಮ್ನೆ ಕಾಯಿರಿ. ಆದರೆ ಎಲ್‌ಎನ್‌ಬಿ ಮೊದಲೇ ಸರಿಯಾದ ಓರೆ ತಪ್ಪಿ ಕೂತಿದ್ದರೆ ಬಿಸಿಲಲ್ಲೂ ಸೋರಿಕೆ ಇದ್ದೇ ಇರುತ್ತದೆ, ಮಳೆ ಬಂದರೆ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಸರಿಮಾಡುವುದು ನಮ್ಮ ಕೈಲಿರುವುದು ಇದೊಂದೇ.

ಆಕಾಶ ತಿಳಿಯಾಗಿರುವ ದಿನ ಮಾಳಿಗೆ ಹತ್ತಿ. ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ. ಕಲಬುರಗಿಯಿಂದ ಅದು ಸರಿಯಾಗಿ ಆಗ್ನೇಯಕ್ಕೆ, ಸುಮಾರು 62 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಎಲ್‌ಎನ್‌ಬಿಯ ಓರೆ ಲೆಕ್ಕ ಹಾಕಿದರೆ 43 ಡಿಗ್ರಿ ಹತ್ತಿರ ಬರುತ್ತದೆ. ಛತ್ರಿಯ ಹಿಂದೆ ನಿಂತು ಆಕಾಶ ನೋಡಿದರೆ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ. ಇದು ಅಂದಾಜಷ್ಟೇ, ಕೊನೆಯ ಮಾತು ಮೀಟರ್‌ದು.

ಕ್ಲಾಂಪ್ ಸ್ಕ್ರೂ ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಐದಾರು ಸೆಕೆಂಡ್ ಕಾಯಿರಿ. ಬಾಕ್ಸ್ ನಿಧಾನ. ಕೆಳಗೆ ಅಣ್ಣನ ಮಗಳು ಟಿವಿ ಮುಂದೆ, ನಾನು ಮೇಲೆ.

"ಎಷ್ಟದ?"

"ಅರವತ್ತಾರು... ಕಾಕಾ, ಕಡಿಮಿ ಆತು!"

ಕಡಿಮೆಯಾದರೆ ಒಳ್ಳೆಯದೇ. ಎರಡೂ ಕಡೆ ಇಳಿಯುವ ತನಕ ತಿರುಗಿಸಿ ನಡುವೆ ನಿಲ್ಲಿಸಿ. ಸ್ಟ್ರೆಂತ್ ನೋಡಬೇಡಿ, ಕ್ವಾಲಿಟಿ ನೋಡಿ. ಸ್ಕ್ರೂ ಬಿಗಿ ಮಾಡುವಾಗ ಎಲ್‌ಎನ್‌ಬಿ ಜರುಗುತ್ತದೆ, ಇನ್ನೊಂದು ಸಲ ಕೇಳಿ.

ಆಮೇಲೆ ಮಾರ್ಕರ್‌ನಿಂದ ಕ್ಲಾಂಪ್ ಮತ್ತು ಎಲ್‌ಎನ್‌ಬಿ ಎರಡಕ್ಕೂ ಸೇರಿಸಿ ಒಂದು ಗೆರೆ ಎಳೆಯಿರಿ. ಮಂಗ ಬಂದು ಜೋತಾಡಿ ಹೋದರೂ ಗೆರೆಗೆ ಗೆರೆ ಕೂಡಿಸಿದರೆ ಆಯಿತು.