ಬ್ರಿಟನ್ನಿನ ದಂಪತಿಗಳಿಗೆ ತೆರಿಗೆ ರಿಯಾಯಿತಿ: ಮ್ಯಾರೇಜ್ ಅಲವೆನ್ಸ್ ಪಡೆಯುವುದು ಹೇಗೆ?

ಬ್ರಿಟನ್ನಿನಲ್ಲಿ ಗಂಡ ಹೆಂಡತಿಯ ಆದಾಯವನ್ನು ಒಟ್ಟು ಸೇರಿಸಿ ತೆರಿಗೆ ಹಾಕುವ ಪದ್ಧತಿ ಈಗ ಇಲ್ಲ. 1990ರ ಏಪ್ರಿಲ್‌ವರೆಗೆ ಹೆಂಡತಿಯ ಗಳಿಕೆಯನ್ನು ಗಂಡನ ಆದಾಯದ ಭಾಗವೆಂದೇ ಲೆಕ್ಕ ಹಾಕುತ್ತಿದ್ದರು. ಆ ಬಳಿಕ ಇಬ್ಬರೂ ಪ್ರತ್ಯೇಕ ತೆರಿಗೆದಾರರಾದರು, ಇಬ್ಬರಿಗೂ ಅವರವರದೇ ತೆರಿಗೆಮುಕ್ತ ಮಿತಿ ದೊರೆಯಿತು. ಪರ್ಸನಲ್ ಅಲವೆನ್ಸ್ ಎಂದು ಕರೆಯುವ ಈ ಮಿತಿ 2021–22ರ ತೆರಿಗೆ ವರ್ಷದಿಂದ ಈಚೆಗೆ 12,570 ಪೌಂಡ್‌ನಲ್ಲೇ ಇದೆ. ಒಬ್ಬರು ಮನೆಯಲ್ಲಿದ್ದು ಇನ್ನೊಬ್ಬರು ಮಾತ್ರ ದುಡಿಯುವ ಸಂಸಾರದಲ್ಲಿ ಮನೆಯಲ್ಲಿರುವವರ ಮಿತಿ ಯಾರಿಗೂ ಉಪಯೋಗವಾಗದೆ ಹೋಗುತ್ತದೆ. ಆ ನಷ್ಟದ ಒಂದು ಸಣ್ಣ ಪಾಲನ್ನು ತುಂಬಿಕೊಡಲು 2015ರ ಏಪ್ರಿಲ್ 6ರಿಂದ ಜಾರಿಗೆ ಬಂದದ್ದೇ ಮ್ಯಾರೇಜ್ ಅಲವೆನ್ಸ್. ಹೆಸರು ಕೇಳಿದರೆ ಮದುವೆಯಾದವರಿಗೆಲ್ಲ ಸಿಗುವ ಭತ್ಯೆ ಎನಿಸುತ್ತದೆ, ಆದರೆ ಹಾಗಿಲ್ಲ. ಅರ್ಜಿ ಹಾಕದವರಿಗೆ ಇದು ತಾನಾಗಿ ಸಿಗುವುದೂ ಇಲ್ಲ.

ಮೊದಲು ಅರ್ಹತೆಯನ್ನು ನೋಡಿಕೊಳ್ಳಬೇಕು. ಇಬ್ಬರೂ ಕಾನೂನುಬದ್ಧವಾಗಿ ಮದುವೆಯಾಗಿರಬೇಕು ಅಥವಾ ಸಿವಿಲ್ ಪಾರ್ಟ್ನರ್‌ಶಿಪ್ (ಮದುವೆಗೆ ಸಮಾನವಾಗಿ ಕಾನೂನು ಮಾನ್ಯ ಮಾಡುವ ಜೋಡಿ ಸಂಬಂಧ) ನೋಂದಾಯಿಸಿರಬೇಕು. ಎಷ್ಟೇ ವರ್ಷ ಒಂದೇ ಸೂರಿನಡಿ ಬಾಳಿದ್ದರೂ ಈ ಎರಡರಲ್ಲೊಂದು ಇಲ್ಲದಿದ್ದರೆ ರಿಯಾಯಿತಿ ಇಲ್ಲ. ತಮ್ಮ ತೆರಿಗೆಮುಕ್ತ ಮಿತಿಯ ಒಂದು ಪಾಲನ್ನು ಸಂಗಾತಿಗೆ ಬಿಟ್ಟುಕೊಡುವವರ ಆದಾಯ ಸಾಮಾನ್ಯವಾಗಿ 12,570 ಪೌಂಡ್‌ಗಿಂತ ಕಡಿಮೆ ಇರಬೇಕು. ಪಡೆಯುವವರು ಮೂಲ ದರದಲ್ಲಿ, ಅಂದರೆ ಶೇ 20ರ ದರದಲ್ಲಿ, ತೆರಿಗೆ ಕಟ್ಟುವವರಾಗಿರಬೇಕು; ಸಾಮಾನ್ಯ ಲೆಕ್ಕದಲ್ಲಿ ಅವರ ಆದಾಯ 12,571ರಿಂದ 50,270 ಪೌಂಡ್‌ಗಳ ನಡುವೆ ಇರಬೇಕು. ಸ್ಕಾಟ್ಲೆಂಡಿನಲ್ಲಿ ತೆರಿಗೆಯ ಹಂತಗಳು ಬೇರೆಯಾದ್ದರಿಂದ ಅಲ್ಲಿ ಮೇಲಿನ ಗಡಿ 43,662 ಪೌಂಡ್. ಈ ಗಡಿಯ ವಿಷಯದಲ್ಲಿ ನಿಯಮ ನಿಷ್ಠುರವಾಗಿದೆ. ಆದಾಯದಲ್ಲಿ ಒಂದು ಸಣ್ಣ ಮೊತ್ತ ಮೇಲಿನ ದರಕ್ಕೆ ದಾಟಿದರೂ ರಿಯಾಯಿತಿ ಹಂತಹಂತವಾಗಿ ಕರಗುವುದಿಲ್ಲ, ಆ ವರ್ಷದ ಮಟ್ಟಿಗೆ ಪೂರ್ತಿಯಾಗಿ ಇಲ್ಲವಾಗುತ್ತದೆ. ವರ್ಷದ ಕೊನೆಯಲ್ಲಿ ಬೋನಸ್ ಪಡೆಯುವವರು ಇದನ್ನು ಮುಂಚಿತವಾಗಿಯೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಉಳಿತಾಯವೆಷ್ಟು ಎಂಬುದರಲ್ಲೇ ಹೆಚ್ಚಿನ ಗೊಂದಲವಿರುವುದು. ಕಡಿಮೆ ಆದಾಯದವರು ತಮ್ಮ ಮಿತಿಯಿಂದ 1,260 ಪೌಂಡ್‌ಗಳನ್ನು ಸಂಗಾತಿಗೆ ವರ್ಗಾಯಿಸುತ್ತಾರೆ. ಈ ಮೊತ್ತವನ್ನು ಹೆಚ್ಚು ಕಡಿಮೆ ಮಾಡುವ ಸ್ವಾತಂತ್ರ್ಯವಿಲ್ಲ. ಕೊಟ್ಟರೆ ಇಡೀ 1,260 ಪೌಂಡ್ ಕೊಡಬೇಕು. ಸಂಗಾತಿಯ ಕೈಗೆ ಬರುವುದು ಆ ಮೊತ್ತವಲ್ಲ, ಅದರ ಶೇ 20ರಷ್ಟು, ಅಂದರೆ ವರ್ಷಕ್ಕೆ ಹೆಚ್ಚೆಂದರೆ 252 ಪೌಂಡ್‌ಗಳ ತೆರಿಗೆ ಕಡಿತ. ಕೊಟ್ಟವರ ಮಿತಿ 11,310 ಪೌಂಡ್‌ಗೆ ಇಳಿಯುತ್ತದೆ. ಅವರ ಆದಾಯ ಅದಕ್ಕಿಂತ ಕಡಿಮೆ ಇದ್ದರೆ 252 ಪೌಂಡ್ ಪೂರ್ತಿ ಲಾಭ. ಒಂದು ವೇಳೆ ಹೆಂಡತಿಯ ಆದಾಯ 12,000 ಪೌಂಡ್ ಇದ್ದು ಗಂಡನದು 30,000 ಪೌಂಡ್ ಇದ್ದರೆ, ಮೊದಲು ತೆರಿಗೆಯೇ ಇರದಿದ್ದ ಹೆಂಡತಿ ಈಗ 690 ಪೌಂಡ್‌ಗಳ ಮೇಲೆ 138 ಪೌಂಡ್ ತೆರಿಗೆ ಕಟ್ಟಬೇಕಾಗುತ್ತದೆ, ಗಂಡನಿಗೆ 252 ಪೌಂಡ್ ಉಳಿಯುತ್ತದೆ. ಇಬ್ಬರನ್ನೂ ಸೇರಿಸಿ ನೋಡಿದರೆ ಮನೆಗೆ ಉಳಿಯುವುದು 114 ಪೌಂಡ್. ಲಾಭ ಒಬ್ಬರಿಗೆ, ಹೊರೆ ಇನ್ನೊಬ್ಬರಿಗೆ ಆಗುವ ಇಂಥ ಸಂದರ್ಭದಲ್ಲಿ ಅರ್ಜಿಗೆ ಮುನ್ನ ಇಬ್ಬರೂ ಕುಳಿತು ಮಾತಾಡಿಕೊಳ್ಳುವುದು ಲೇಸು.

ಅರ್ಜಿ ಹಾಕಬೇಕಾದವರು ಬಿಟ್ಟುಕೊಡುವವರು, ಅಂದರೆ ಕಡಿಮೆ ಆದಾಯದವರು. ಸರ್ಕಾರದ ಜಾಲತಾಣದಲ್ಲಿ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ನೇರವಾಗಿ ಸಲ್ಲಿಸಬಹುದು. ಇಬ್ಬರ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ವಿಮೆ) ಸಂಖ್ಯೆಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು; ಗುರುತಿನ ಪರಿಶೀಲನೆಗೆ ಪಾಸ್‌ಪೋರ್ಟ್, ಸಂಬಳದ ಚೀಟಿ ಅಥವಾ ಪಿ60 ಪತ್ರದಂಥ (ವರ್ಷದ ಸಂಬಳ ಮತ್ತು ಕಡಿತವಾದ ತೆರಿಗೆಯ ಬಗ್ಗೆ ಉದ್ಯೋಗದಾತರು ಕೊಡುವ ವಿವರ) ದಾಖಲೆಗಳು ಬೇಕಾಗುತ್ತವೆ. ಸೆಲ್ಫ್ ಅಸೆಸ್‌ಮೆಂಟ್ ರಿಟರ್ನ್, ಅಂದರೆ ತಮ್ಮ ಆದಾಯದ ವಿವರವನ್ನು ತಾವೇ, ಸಲ್ಲಿಸುವವರು ಅದರಲ್ಲೇ ಕೋರಬಹುದು, ಅಂಚೆಯ ಮೂಲಕವೂ ಸಾಧ್ಯವಿದೆ. ಇದಕ್ಕೆ ಶುಲ್ಕವಿಲ್ಲ. ಹಾಗಿದ್ದರೂ ಮರುಪಾವತಿ ಕೊಡಿಸುತ್ತೇವೆಂದು ಬಂದ ಹಣದಲ್ಲಿ ಪಾಲು ಮುರಿದುಕೊಳ್ಳುವ ಏಜೆಂಟರು ಇದ್ದಾರೆ. ಕೆಲವೇ ನಿಮಿಷಗಳ ಕೆಲಸಕ್ಕೆ ಅವರ ಹಂಗೇಕೆ ಬೇಕೋ ತಿಳಿಯದು.

ಒಪ್ಪಿಗೆ ಸಿಕ್ಕ ಮೇಲೆ ಸಂಬಳದಾರರ ತೆರಿಗೆ ಕೋಡ್, ಅಂದರೆ ಸಂಬಳದಿಂದ ಎಷ್ಟು ತೆರಿಗೆ ಕಡಿಯಬೇಕೆಂದು ಉದ್ಯೋಗದಾತರಿಗೆ ತಿಳಿಸುವ ಸಂಕೇತ, ಬದಲಾಗುತ್ತದೆ. ಸಾಮಾನ್ಯವಾಗಿ 1257ಎಲ್ ಇದ್ದದ್ದು ಪಡೆದವರಿಗೆ 1383ಎಂ ಆಗುತ್ತದೆ, ಕೊಟ್ಟವರ ಕೋಡ್‌ನ ಕೊನೆಗೆ ಎನ್ ಅಕ್ಷರ ಬರುತ್ತದೆ. ಸಂಬಳದ ಚೀಟಿಯಲ್ಲಿ ಇದನ್ನು ಒಮ್ಮೆ ಖಚಿತಪಡಿಸಿಕೊಂಡರೆ ಸಾಕು.

ಹಿಂದಿನ ವರ್ಷಗಳಲ್ಲಿ ಅರ್ಹತೆ ಇದ್ದೂ ಕೇಳದೇ ಹೋದವರಿಗೆ ನಾಲ್ಕು ವರ್ಷಗಳವರೆಗಿನ ಬಾಕಿಯನ್ನು ಕೋರಲು ಅವಕಾಶವಿದೆ. ಪ್ರತಿವರ್ಷವೂ ಪೂರ್ಣ ಅರ್ಹತೆ ಇದ್ದಲ್ಲಿ ಬಾಕಿ 1,008 ಪೌಂಡ್, ಪ್ರಸಕ್ತ ವರ್ಷದ್ದೂ ಸೇರಿದರೆ 1,260 ಪೌಂಡ್. ವರ್ಗಾಯಿಸುವ ಮೊತ್ತವೂ ಇಷ್ಟೇ ಆಗಿರುವುದರಲ್ಲಿ ಆಶ್ಚರ್ಯವಿಲ್ಲ: ಶೇ 20ರ ಐದು ಪಾಲು ಕೂಡಿದರೆ ಪೂರ್ತಿ ಮೊತ್ತವೇ ತಾನೆ! ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುವುದರಿಂದ, ಆ ದಿನ ದಾಟಿದರೆ ಅತಿ ಹಳೆಯ ವರ್ಷದ ಹಕ್ಕು ಕೈತಪ್ಪುತ್ತದೆ. ಸಂಗಾತಿ ತೀರಿಕೊಂಡಿದ್ದರೂ ಈ ಅವಧಿಯೊಳಗಿನ ಬಾಕಿಯನ್ನು ಬದುಕಿರುವವರು ಕೇಳಬಹುದು.

ಒಮ್ಮೆ ಕೋರಿದ ವರ್ಗಾವಣೆ ರದ್ದುಪಡಿಸುವವರೆಗೆ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ. ಆದ್ದರಿಂದ ವಿಚ್ಛೇದನವಾದಾಗ, ಅಥವಾ ಆದಾಯ ಬದಲಾಗಿ ಅರ್ಹತೆ ತಪ್ಪಿದಾಗ, ಇಲಾಖೆಗೆ ತಿಳಿಸುವ ಹೊಣೆ ದಂಪತಿಯದೇ. ಸುಮ್ಮನಿದ್ದರೆ ಉಳಿಸಿದ ತೆರಿಗೆಯನ್ನು ಮುಂದೊಂದು ದಿನ ಹಿಂದಿರುಗಿಸಬೇಕಾದೀತು.

ಹೆಸರಿನ ಹೋಲಿಕೆಯಿಂದ ಗೊಂದಲ ಹುಟ್ಟಿಸುವ ಮ್ಯಾರೀಡ್ ಕಪಲ್ಸ್ ಅಲವೆನ್ಸ್ ಎಂಬ ಹಳೆಯ ಸೌಲಭ್ಯವೂ ಉಳಿದಿದೆ. ದಂಪತಿಯಲ್ಲಿ ಒಬ್ಬರಾದರೂ 1935ರ ಏಪ್ರಿಲ್ 6ಕ್ಕಿಂತ ಮುಂಚೆ ಹುಟ್ಟಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲವಾದ್ದರಿಂದ, ಮನೆಯಲ್ಲಿ ಅಷ್ಟು ವಯಸ್ಸಿನ ಹಿರಿಯರಿದ್ದರೆ ಅರ್ಜಿ ತುಂಬುವ ಮೊದಲು ಅವರ ಜನ್ಮದಿನಾಂಕವನ್ನು ನೋಡಬೇಕು.